ಕನ್ನಡಿಯೊಳಗಿನ ನಾಲ್ವರು ಅಧ್ಯಕ್ಷರು

ಬೈಕ್ ರ‍್ಯಾಲಿಗೆ ಹೋಗಿ ಬಂದವರನ್ನು ದಾರಿ ಹೇಗಿತ್ತು ಅಂತ ಕೇಳಿ. "ಅಬ್ಬಾ, ಸ್ವರ್ಗ!" ಅಂತಾರೆ. ಸುಮ್ನೆ ನಂಬಬೇಡಿ. ಓಡಿಸಿದವನು ನೋಡಿರುವುದು ಮುಂದಿನ ಬೈಕಿನ ನಂಬರ್ ಪ್ಲೇಟು, ತಿರುವಿನಲ್ಲಿ ಬಿದ್ದ ಜಲ್ಲಿ, ಅಷ್ಟೇ. ಕಣ್ಣು ಎತ್ತ ಹೋದರೆ ಬೈಕೂ ಅತ್ತಲೇ ಹೋಗುತ್ತದೆ. ಕಣಿವೆ ಚೆನ್ನಾಗಿದೆ ಅಂತ ದಿಟ್ಟಿಸಿದರೆ, ಅದನ್ನು ತೀರಾ ಹತ್ತಿರದಿಂದ ನೋಡಬೇಕಾದೀತು. ಸೀನರಿ ಏನಿದ್ದರೂ ಹಿಂದೆ ಕೂತವರ ಪಾಲು.

ನನ್ನ ಹಿಂದೆ ಕೂರುವುದು ಹೆಂಡತಿ. ಹೆಲ್ಮೆಟ್ಟಿನೊಳಗೆ ಇಂಟರ್‌ಕಾಮ್ ಬೇರೆ ಇದೆ. "ರೀ, ಬಲಗಡೆ ನೋಡ್ರೀ!" ಅನ್ನುವ ಹೊತ್ತಿಗೇ ರಸ್ತೆ ಎಡಕ್ಕೆ ತಿರುಗಿರುತ್ತದೆ. "ಹೋಯ್ತು ಬಿಡಿ. ನಿಮಗೆ ಯಾವುದರಲ್ಲೂ ಆಸಕ್ತಿಯೇ ಇಲ್ಲ."

ಅಮೆರಿಕದ ಸೌತ್ ಡಕೋಟಾದ ಸ್ಟರ್ಜಿಸ್‌ನಲ್ಲಿ 1938ರಿಂದ ರ‍್ಯಾಲಿ ನಡೆಯುತ್ತಿದೆ. ಸುಮಾರು ಏಳು ಸಾವಿರ ಜನರ ಊರು. ಆಗಸ್ಟ್ ಬಂತೆಂದರೆ ಲಕ್ಷಗಟ್ಟಲೆ ಜನ ಬಂದಿಳಿಯುತ್ತಾರೆ. ಅಲ್ಲಿ ಮಾಡುವುದೇನು? ನಮ್ಮ ಬೈಕ್ ನಿಲ್ಲಿಸಿ ಊರವರ ಬೈಕೆಲ್ಲ ನೋಡುವುದು. ಆಮೇಲೆ ನಮ್ಮದನ್ನು ಎಲ್ಲಿ ನಿಲ್ಲಿಸಿದ್ದೆವು ಅಂತ ಹುಡುಕುವುದು. ಸಿಕ್ಕಾಗ ಸೈಡ್ ಸ್ಟ್ಯಾಂಡ್ ಮೆತ್ತನೆಯ ಮಣ್ಣಿನಲ್ಲಿ ಹೂತು, ಬೈಕು ಪಕ್ಕದವರ ಬೈಕಿಗೆ ಗುಟ್ಟು ಹೇಳುವ ಭಂಗಿಯಲ್ಲಿ ವಾಲಿತ್ತು.

ಅಸಲಿ ಮಜಾ ಇರುವುದು ಸುತ್ತಲಿನ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳಲ್ಲಿ. ಅದರಲ್ಲೂ ಐರನ್ ಮೌಂಟನ್ ರೋಡ್! 27 ಕಿಲೋಮೀಟರಿನಲ್ಲಿ 314 ತಿರುವು. ರಸ್ತೆ ಸುರುಳಿ ಸುತ್ತಿ ತನ್ನ ಮೇಲೆ ತಾನೇ ಹಾದುಹೋಗುವ ಮರದ ಸೇತುವೆಗಳು. ಪೀಟರ್ ನಾರ್ಬೆಕ್ ಎಂಬ ಸೆನೆಟರ್ ನಡೆದು, ಕುದುರೆ ಏರಿ ಗುರುತು ಮಾಡಿದ ಜಾಡು ಇದು. ಅವಸರದವರಿಗೆ ಮಾಡಿದ್ದಲ್ಲ. ಇಲ್ಲಿನ ಸುರಂಗಗಳನ್ನು ಕೊರೆದಿರುವ ರೀತಿ ನೋಡಿ: ಒಳಗೆ ಹೋಗುತ್ತಿದ್ದರೆ ಆಚೆ ಬಾಯಿಯಲ್ಲಿ, ಅಮೆರಿಕದ ನಾಲ್ವರು ಅಧ್ಯಕ್ಷರ ಮುಖಗಳನ್ನು ಬಂಡೆಯಲ್ಲಿ ಕೆತ್ತಿರುವ ದೂರದ ಬೆಟ್ಟ ಮೌಂಟ್ ರಶ್‌ಮೋರ್ ಚೌಕಟ್ಟು ಹಾಕಿದಂತೆ ಕೂರುತ್ತದೆ. ಆದರೆ ಉತ್ತರಕ್ಕೆ ಹೋಗುವವರಿಗೆ ಮಾತ್ರ.

ನಮ್ಮ ಗುಂಪಿನ ಮುಂದಾಳು ಕರೆದೊಯ್ದದ್ದು ದಕ್ಷಿಣಕ್ಕೆ. "ಆ ಕಡೆಯಿಂದ ಟ್ರಾಫಿಕ್ ಕಡಿಮೆ" ಅಂದರು. ಹೌದು, ಕಡಿಮೆಯೇ ಇತ್ತು! ಹಾಗಾಗಿ 60 ಅಡಿ ಎತ್ತರದ ಆ ಮುಖಗಳನ್ನು ನಾನು ನೋಡಿದ್ದು ಬಲಗಡೆಯ ಕನ್ನಡಿಯಲ್ಲಿ. ಇಂಜಿನ್ನಿನ ನಡುಕಕ್ಕೆ ವಾಷಿಂಗ್ಟನ್, ಜೆಫರ್ಸನ್, ರೂಸ್‌ವೆಲ್ಟ್, ಲಿಂಕನ್ ನಾಲ್ವರೂ ಚಳಿಜ್ವರ ಬಂದವರಂತೆ ಗಡಗಡ ಅಲ್ಲಾಡುತ್ತಿದ್ದರು. ಹೆಂಡತಿ ಮಾತ್ರ ಪೂರ್ತಿ ಹಿಂದಕ್ಕೆ ತಿರುಗಿ ಆರಾಮಾಗಿ ನೋಡಿದಳು.

ಮುಂದೆ ಕಸ್ಟರ್ ಸ್ಟೇಟ್ ಪಾರ್ಕಿನಲ್ಲಿ ಬೈಸನ್ ಹಿಂಡು ರಸ್ತೆಗೆ ಅಡ್ಡ ಬಂತು. ಕಾರಿನವರು ಕಿಟಕಿ ಏರಿಸಿಕೊಂಡರು. ನಾವು ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡೆವು. ಮತ್ತೇನು ಮಾಡೋದು? ಓಡಿದರೆ ಗಂಟೆಗೆ 55 ಕಿಲೋಮೀಟರ್ ಓಡುವ ಪ್ರಾಣಿ ಅದು. ಒಂದು ಗಂಡು ಬೈಸನ್ ನನ್ನ ಟ್ಯಾಂಕನ್ನೇ ನೋಡುತ್ತಾ ನಿಂತಿತು. ಇಂಟರ್‌ಕಾಮ್‌ನಲ್ಲಿ ಪಿಸುದನಿ: "ರೀ, ಅದನ್ನ ಮಾತ್ರ ನೋಡಬೇಡ್ರೀ."

ಮರುದಿನ ಬೆಳಿಗ್ಗೆ ಹಟ ಹಿಡಿದು ಅದೇ ದಾರಿಯಲ್ಲಿ ಉತ್ತರಕ್ಕೆ ಹೊರಟೆವು. ಬಿಸಿಲು ಚೆನ್ನಾಗಿತ್ತು, ಮೋಡವಿಲ್ಲ. ಮೊದಲ ಸುರಂಗ ಹೊಕ್ಕೆ. ಆಚೆ ಬಾಯಿ ಹತ್ತಿರವಾಯಿತು. ಚೌಕಟ್ಟಿನ ನಟ್ಟನಡುವೆ, ಅಳತೆ ತೆಗೆದು ಕೂರಿಸಿದ ಹಾಗೆ, ನಮ್ಮ ಮುಂದಾಳಿನ ಬೆನ್ನು.