ಡಬ್ಬಿ ಹೊರಗಿಡುವ ರಾತ್ರಿ

ಬೆಳಿಗ್ಗೆ ಕಸದ ಗಾಡಿ ಬರುತ್ತದೆ ಅನ್ನುವುದು ನನಗೆ ನೆನಪಾಗುವುದು ಹಿಂದಿನ ರಾತ್ರಿ, ಹಾಸಿಗೆ ಮೇಲೆ ಕಾಲು ಚಾಚಿದ ಮೇಲೆ. "ಡಬ್ಬಿ ಹೊರಗಿಟ್ರಾ?" ಅಂತ ಹೆಂಡತಿ ಕತ್ತಲಲ್ಲೇ ಕೇಳುತ್ತಾಳೆ. ಇಟ್ಟಿಲ್ಲ ಅಂತ ಅವಳಿಗೂ ಗೊತ್ತು. ನಿದ್ದೆ ಬಂದವನ ಹಾಗೆ ಎರಡು ನಿಮಿಷ ಸುಮ್ಮನಿದ್ದು ನೋಡುತ್ತೇನೆ. ಈವರೆಗೆ ಒಮ್ಮೆಯೂ ಫಲಿಸಿಲ್ಲ.

ತಳ್ಳಿಕೊಂಡು ಹೋಗಿ ರಸ್ತೆ ಬದಿಗೆ ನಿಲ್ಲಿಸಿ ಬರುವುದಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಅದಕ್ಕೆ ಮುಂಚೆ ವಿಂಗಡಿಸಬೇಕಲ್ವಾ? ಹಸಿ ಕಸದ ಬಗ್ಗೆ ನನ್ನ ತಕರಾರಿಲ್ಲ. ಅದು ತಾನೇನು ಅನ್ನುವುದನ್ನು ಮೂಗಿಗೇ ಹೇಳಿಬಿಡುತ್ತದೆ. ಹಳೇ ಪೇಪರು, ರಟ್ಟಿನ ಡಬ್ಬ, ಗಾಜಿನ ಬಾಟಲಿ, ಇವೂ ಮರ್ಯಾದಸ್ಥ ಕಸವೇ. ಅಲ್ಯೂಮಿನಿಯಂ ಡಬ್ಬಿಯನ್ನಂತೂ ನಾನು ಹೆಮ್ಮೆಯಿಂದಲೇ ಹಾಕುತ್ತೇನೆ. ಹಳೆಯದನ್ನು ಕರಗಿಸಿದರೆ, ಅದಿರಿನಿಂದ ಹೊಸದು ಮಾಡಲು ಬೇಕಾದ ಶಕ್ತಿಯಲ್ಲಿ ಸುಮಾರು ಶೇಕಡಾ 95ರಷ್ಟು ಉಳಿಯುತ್ತದೆ. ಇಷ್ಟು ಒಳ್ಳೇ ಕೆಲಸ ಇಷ್ಟು ಸುಲಭವಾಗಿ ಬೇರೆಲ್ಲಿ ಸಿಗುತ್ತದೆ ಹೇಳಿ.

ನಿದ್ದೆ ಕೆಡಿಸುವುದು ಅನುಮಾನದ ಸಾಮಾನುಗಳು. ಸುರುಳಿ ಸುತ್ತಿ ಸುತ್ತಿ ಹಿಂಡಿದ ಟೂತ್‌ಪೇಸ್ಟ್ ಟ್ಯೂಬು. ಪ್ಲಾಸ್ಟಿಕ್ ಕಿಟಕಿ ಇರುವ ಕಾಗದದ ಲಕೋಟೆ. ಒಳಗೆ ಬೆಳ್ಳಿಯ ಹಾಗೆ ಹೊಳೆಯುವ ಚಿಪ್ಸ್ ಪ್ಯಾಕೆಟ್ಟು. ಜ್ಯೂಸಿನ ಪೊಟ್ಟಣ ನೋಡಿದರೆ ರಟ್ಟು, ಮುಕ್ಕಾಲು ಪಾಲು ಕಾಗದವೂ ಹೌದು, ಆದರೆ ಹರಿದು ನೋಡಿ, ಪ್ಲಾಸ್ಟಿಕ್ಕಿನ ಪದರಗಳ ನಡುವೆ ತೆಳ್ಳನೆಯ ಅಲ್ಯೂಮಿನಿಯಂ ಹಾಳೆಯೂ ಅಡಗಿ ಕೂತಿರುತ್ತದೆ. ಇದನ್ನು ಯಾವ ಡಬ್ಬಿಗೆ ಹಾಕಲಿ?

ಕೆಲವುದರ ತಳದಲ್ಲಿ ಬಾಣಗಳ ತ್ರಿಕೋನ ಇರುತ್ತದೆ. ಮೂರು ಬಾಣದ ಆ ಮರುಬಳಕೆ ಗುರುತನ್ನು 1970ರಲ್ಲಿ ಗ್ಯಾರಿ ಆಂಡರ್ಸನ್ ಅನ್ನುವ ಅಮೆರಿಕದ ವಿದ್ಯಾರ್ಥಿಯೊಬ್ಬ ಸ್ಪರ್ಧೆಗೆಂದು ಬರೆದದ್ದು. 1988ರಲ್ಲಿ ಪ್ಲಾಸ್ಟಿಕ್ ಉದ್ಯಮದವರು ಅಂಥದ್ದೇ ತ್ರಿಕೋನದ ಹೊಟ್ಟೆಯೊಳಗೆ 1ರಿಂದ 7ರವರೆಗೆ ಅಂಕಿ ಕೂರಿಸಿದರು. ಅಂಕಿ ಹೇಳುವುದು ಇದು ಯಾವ ಜಾತಿಯ ಪ್ಲಾಸ್ಟಿಕ್ಕು ಅಂತ ಅಷ್ಟೇ. 1 ಅಂದರೆ ನೀರಿನ ಬಾಟಲಿಯ ಪೆಟ್, 6 ಅಂದರೆ ಥರ್ಮಾಕೋಲ್ ಮಾಡುವ ಪಾಲಿಸ್ಟೈರೀನ್, 7 ಅಂದರೆ ಇತರೆ. (ಏಳನ್ನು ಕಂಡಾಗಲೆಲ್ಲ ನನಗೆ ನಮ್ಮಿಬ್ಬರ ಪಾಡೂ ಒಂದೇ ಅನ್ನಿಸುತ್ತದೆ.) ಇದನ್ನು ಖಂಡಿತ ಮರುಬಳಕೆ ಮಾಡುತ್ತಾರೆ ಅಂತ ಅದು ಯಾವತ್ತೂ ಮಾತು ಕೊಟ್ಟಿಲ್ಲ. ನಾನು ಮಾತ್ರ ತ್ರಿಕೋನ ಕಂಡದ್ದನ್ನೆಲ್ಲ ವರ್ಷಗಟ್ಟಲೆ ಮರುಬಳಕೆ ಡಬ್ಬಿಗೇ ಹಾಕಿ ಪುಣ್ಯ ಕಟ್ಟಿಕೊಂಡೆ ಅಂದುಕೊಂಡಿದ್ದೆ.

ಅನುಮಾನದ ಸಾಮಾನನ್ನು ಮರುಬಳಕೆ ಡಬ್ಬಿಗೆ ಹಾಕುವುದರಲ್ಲಿ ಒಂದು ಸುಖ ಇದೆ, ಸುಳ್ಳು ಹೇಳಬಾರದು. ಮುಚ್ಚಳ ಬಿದ್ದ ಕೂಡಲೇ ಮನಸ್ಸು ಹಗುರ. ಅಲ್ಲಿ ಯಾರೋ ನೋಡಿಕೊಳ್ಳುತ್ತಾರೆ, ಏನೋ ಮಾಡಿಕೊಳ್ಳುತ್ತಾರೆ. ಆದರೆ ಅಲ್ಲಿ ಆಗುವುದು ಬೇರೆ. ತೆಳ್ಳನೆಯ ಪ್ಲಾಸ್ಟಿಕ್ ಚೀಲಗಳು ವಿಂಗಡಿಸುವ ಯಂತ್ರದ ತಿರುಗುವ ಭಾಗಗಳಿಗೆ ಸುತ್ತಿಕೊಳ್ಳುತ್ತವೆ, ಆಮೇಲೆ ಯಂತ್ರ ನಿಲ್ಲಿಸಿ ಜನ ಚಾಕು ಹಿಡಿದು ಅವನ್ನು ಕೊಯ್ದು ತೆಗೆಯಬೇಕು. ಎಣ್ಣೆ ಉಳಿದ ಒಂದು ಬಾಟಲಿ ಸಾಕು, ಪಕ್ಕದ ಒಣ ಕಾಗದವೆಲ್ಲ ಹಾಳು. ಬ್ಯಾಟರಿಯನ್ನಂತೂ ಯಾವ ಡಬ್ಬಿಗೂ ಹಾಕಬಾರದು, ಲಿಥಿಯಂ ಬ್ಯಾಟರಿ ಗಾಡಿಯಲ್ಲಿ ಜಜ್ಜಿದರೆ ಬೆಂಕಿಯೇ ಹತ್ತಿಕೊಳ್ಳಬಹುದು. ನಮ್ಮ ಪುಣ್ಯ ಇನ್ನೊಬ್ಬರ ಕೈಗೆ ಚಾಕು ಕೊಡುತ್ತದೆ.

ಅದಕ್ಕೇ ಈಗ ತೊಳೆಯುತ್ತೇನೆ. ಮೊನ್ನೆ ರಾತ್ರಿ ಒಂದು ಜಾಮ್ ಬಾಟಲಿ. ಕತ್ತಿನ ಕೆಳಗೆ ಬಾಗಿದ ಜಾಗ ಇದೆಯಲ್ಲ, ಅಲ್ಲಿ ಜಾಮು ಕೂತಿತ್ತು. ಬೆರಳು ತಿರುಗುವುದಿಲ್ಲ, ಚಮಚ ಮುಟ್ಟುವುದಿಲ್ಲ. ಬಿಸಿನೀರು ಸುರಿದು ಮುಚ್ಚಳ ಬಿಗಿದು ಕುಲುಕಿದೆ. ಕೆಂಪು ನೀರು. ಮತ್ತೆ ಕುಲುಕಿದೆ, ಗುಲಾಬಿ. ಮೂರನೇ ಸಲಕ್ಕೆ ತಿಳಿಯಾಯಿತು. ಆಮೇಲೆ ಲೇಬಲ್ಲು ಕೆರೆಯಲು ಶುರು ಮಾಡಿದೆ. ಅದರ ಅಗತ್ಯವೇ ಇಲ್ಲ, ಗಾಜು ಕರಗುವ ಕುಲುಮೆಯಲ್ಲಿ ಅಂಟಿಕೊಂಡ ಕಾಗದ ಸುಟ್ಟುಹೋಗುತ್ತದೆ, ಆದರೆ ಉಗುರು ಒಮ್ಮೆ ಅಂಚಿಗೆ ಸಿಕ್ಕ ಮೇಲೆ ಬಿಡುವುದು ಹೇಗೆ? ಹೆಂಡತಿ ಬಂದು ನೋಡಿದಳು. "ಬಿಸಾಡೋ ಬಾಟಲಿಗೆ ಇಷ್ಟು ಉಪಚಾರ. ಊಟದ ತಟ್ಟೆನ ಯಾವತ್ತಾದ್ರೂ ಹೀಗೆ ತೊಳೆದಿದ್ದೀರಾ?"

ಒರೆಸಿ ದೀಪಕ್ಕೆ ಹಿಡಿದೆ. ಫಳಫಳ. ಇಷ್ಟು ಚೆಂದದ್ದನ್ನು ಬಿಸಾಡುವುದಾ? ಸಿಂಕಿನ ಕೆಳಗೆ ಇಂಥವೇ ಹನ್ನೊಂದು ಇವೆ. ಇದು ಹನ್ನೆರಡನೆಯದು.

ಈ ವಿಂಗಡಣೆ ಹೊಸ ಕಾಟ ಅಂದುಕೊಂಡರೆ ಅದೂ ಅಲ್ಲ. 1880ರ ದಶಕದಲ್ಲಿ ಪ್ಯಾರಿಸ್ಸಿನ ಆಡಳಿತ ನೋಡಿಕೊಳ್ಳುತ್ತಿದ್ದ ಯುಜೀನ್ ಪುಬೆಲ್ ಅನ್ನುವವರು ಮುಚ್ಚಳದ ಡಬ್ಬಿಯಲ್ಲೇ ಕಸ ಹೊರಗಿಡಬೇಕು ಅಂತ ಆದೇಶ ಹೊರಡಿಸಿದರು. ಕೊಳೆಯುವುದಕ್ಕೆ ಒಂದು, ಕಾಗದ ಬಟ್ಟೆಗೆ ಒಂದು, ಗಾಜು, ಪಿಂಗಾಣಿ, ಸಿಂಪಿ ಚಿಪ್ಪಿಗೆ ಒಂದು. ಜನ ಸಿಟ್ಟಾದರು, ಚಿಂದಿ ಆಯುವವರು ಹೊಟ್ಟೆಗೆ ಕಲ್ಲು ಬಿತ್ತು ಅಂತ ಗಲಾಟೆ ಮಾಡಿದರು. ಕೊನೆಗೆ ಪುಬೆಲ್ ಅವರ ಹೆಸರೇ ಡಬ್ಬಿಗೆ ಅಂಟಿಕೊಂಡಿತು. ಫ್ರೆಂಚರು ಇವತ್ತಿಗೂ ಕಸದ ಡಬ್ಬಿಯನ್ನು ಪುಬೆಲ್ ಅನ್ನುತ್ತಾರೆ. ಮನೆತನದವರಿಗೆ ಹೇಗನಿಸುತ್ತದೋ!

ಬಾಟಲಿ ಒಳಗಿಟ್ಟು ಬಂದೆ. ಟ್ಯೂಬು ಇನ್ನೂ ಕಟ್ಟೆಯ ಮೇಲೇ ಇತ್ತು. ಆಚೆ ಈಚೆ ನೋಡಿದೆ, ಯಾರೂ ಇರಲಿಲ್ಲ. ಇಷ್ಟೆಲ್ಲ ತಿಳಿದವನು ಅದನ್ನು ಮರುಬಳಕೆ ಡಬ್ಬಿಗೇ ಹಾಕಿ, ಮೇಲೆ ಒಂದು ಹಳೇ ಪೇಪರು ಮುಚ್ಚಿ, ಗಡಗಡ ಅಂತ ಬೀದಿಗೆಲ್ಲ ಕೇಳುವ ಹಾಗೆ ತಳ್ಳಿಕೊಂಡು ಹೋದೆ.

ಬೆಳಿಗ್ಗೆ ಗಾಡಿ ಬಂದು ಹೋಗಿತ್ತು. ಡಬ್ಬಿ ಬಾಯಿ ತೆರೆದು ನಿಂತಿತ್ತು. ಒಳಗೆ ಬಗ್ಗಿ ನೋಡಿದರೆ, ಪೇಪರು ಹೋಗಿದೆ, ರಟ್ಟು ಹೋಗಿದೆ, ತಳಕ್ಕೆ ಅಂಟಿಕೊಂಡು ಟ್ಯೂಬೊಂದೇ ಮಲಗಿದೆ.