ದೇವರಿಗೆ ವಕೀಲರು ಜಾಸ್ತಿಯಾದರು

ನಮ್ಮ ಕಡೆ ಯಾರ ಮನೆಯಲ್ಲಾದರೂ ಆಗಬಾರದ ಸಾವು ಆದರೆ, ಮಾತಾಡಿಸಲು ಬಂದವರು ಮೊದಲು ಮಾಡುವ ಕೆಲಸ ದೇವರನ್ನು ಬಚಾವ್ ಮಾಡುವುದು. ಅಳುತ್ತಾ ಕೂತವರ ವಿಷಯ ಆಮೇಲೆ. ‘ಎಲ್ಲಾ ಅವನ ಲೀಲೆ ತಮಾ’, ‘ಪೂರ್ವಜನ್ಮದ್ದು, ಎಂತ ಮಾಡೂದು’, ‘ಒಳ್ಳೆಯವರನ್ನೇ ಪರೀಕ್ಷೆ ಮಾಡ್ತಾನೆ’. ಚಾ ಕುಡಿದು ಎದ್ದು ಹೋಗುತ್ತಾರೆ.

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ನರಸಿಂಹನ ದರ್ಶನ ಮುಗಿಸಿ ಬರುತ್ತಿದ್ದವರು, ಅದರಲ್ಲಿ ಮಕ್ಕಳೂ ಇದ್ದರು. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಾದಂಗಡಿಯವರೂ ದಾರಿಹೋಕರೂ ಮಣ್ಣಿನ ಜೊತೆ ಗಂಗಾವಳಿ ನದಿಗೆ ಹೋದರು. ದೋಣಿಗೆ ಎಷ್ಟು ಜನ ಹತ್ತಬೇಕು, ಗುಡ್ಡವನ್ನು ಎಲ್ಲಿಯವರೆಗೆ ಕಡಿಯಬೇಕು, ಇದನ್ನೆಲ್ಲ ದೇವರ ತಲೆಗೆ ಕಟ್ಟಬಾರದು. ಆ ಲೆಕ್ಕವನ್ನು ಮನುಷ್ಯರೇ ಕೊಡಬೇಕು. ಆದರೆ ಅದೆಲ್ಲ ಮುಗಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದಲ್ವಾ? ಎಲ್ಲಾ ಬಲ್ಲವನು, ಎಲ್ಲಾ ಮಾಡಬಲ್ಲವನು, ಸುಮ್ನೆ ನೋಡುತ್ತಾ ಕೂತದ್ದು ಯಾಕೆ?

ಮನೆಯಲ್ಲಿ ಇದನ್ನು ಕೇಳಿದರೆ ‘ಬಾಯಿ ಮುಚ್ಚು’ ಅನ್ನುತ್ತಾರೆ. ವಿಚಿತ್ರ ಅಂದರೆ ಇದೇ ಪ್ರಶ್ನೆಯನ್ನು ದೇವಸ್ಥಾನದ ಚಂದ್ರಶಾಲೆಯಲ್ಲಿ ಮೈಕು ಹಾಕಿಕೊಂಡು ಕೇಳಬಹುದು, ಮತ್ತು ಬಾಯಿ ಮುಚ್ಚು ಅಂದ ಅದೇ ಜನ ಮುಂದೆ ಕೂತು ಚಪ್ಪಾಳೆ ಹೊಡೆಯುತ್ತಾರೆ. ನಾನು ಹೇಳುತ್ತಿರುವುದು ತಾಳಮದ್ದಳೆಯ ಬಗ್ಗೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ಹೊನ್ನಾವರ, ಕುಮಟಾ, ಶಿರಸಿ, ಸಿದ್ದಾಪುರದ ಕಡೆ ಕೂಟಗಳು ನಡೆಯುತ್ತವೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡುತ್ತಾರೆ, ಪಾತ್ರವಾಗಿ ಮಾತಾಡುವ ಅರ್ಥಧಾರಿ ಆ ಪದ ಹಿಡಿದು ತನಗೆ ತೋಚಿದಷ್ಟು ದೂರ ಹೋಗುತ್ತಾನೆ.

ವಾಲಿಯನ್ನೇ ನೋಡಿ. ಬಾಣ ತಗುಲಿ ಬಿದ್ದವನು ರಾಮನನ್ನು ಕೇಳುತ್ತಾನೆ: ನಿನಗೆ ನಾನು ಏನು ಮಾಡಿದ್ದೆ? ಇನ್ನೊಬ್ಬನ ಜೊತೆ ಹೊಡೆದಾಡುವವನಿಗೆ ಮರೆಯಲ್ಲಿ ನಿಂತು ಹೊಡೆಯುವುದು ಯಾವ ಧರ್ಮ? ರಾಮನ ಹತ್ತಿರ ಉತ್ತರ ಇದೆ, ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ ಅನ್ನುತ್ತಾನೆ. ಕೊನೆಗೆ ವಾಲಿ ಕೈ ಮುಗಿಯುತ್ತಾನೆ. ಪ್ರಸಂಗ ಇರುವುದೇ ಹಾಗೆ, ಏನೂ ಮಾಡುವಂತಿಲ್ಲ. ಆದರೆ ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಜನ ಮಾತಾಡುವುದು ವಾಲಿ ಕೇಳಿದ್ದನ್ನು. ರಾಮನ ಸಮಜಾಯಿಷಿ ಯಾರಿಗೂ ನೆನಪಿರುವುದಿಲ್ಲ.

ಹರಿಶ್ಚಂದ್ರನ ಕಥೆ ಮಾತ್ರ ನನಗೆ ಸರಿ ಬರುವುದಿಲ್ಲ. ರಾಘವಾಂಕನಲ್ಲಿ ಇಂದ್ರನ ಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರು ಜಿದ್ದಿಗೆ ಬೀಳುತ್ತಾರೆ, ಅದರ ಬೆಲೆ ತೆರುವುದು ಕೆಳಗೆ ಚಂದ್ರಮತಿ. ಸ್ಮಶಾನದಲ್ಲಿ ಸತ್ತ ಮಗನನ್ನು ಮಡಿಲಲ್ಲಿ ಹಾಕಿಕೊಂಡು ಅವಳು ಅಳುವಾಗ ಅಳದವರು ಯಾರಿದ್ದಾರೆ? ಅಷ್ಟರಲ್ಲಿ ಶಿವ ಬರುತ್ತಾನೆ, ಲೋಹಿತಾಶ್ವ ಎದ್ದು ಕೂರುತ್ತಾನೆ, ಎಲ್ಲಾ ಪರೀಕ್ಷೆ ಆಗಿತ್ತು ಅನ್ನುತ್ತಾರೆ. ಮಾರಾಯ್ರೇ, ನಮ್ಮ ಮಕ್ಕಳು ಎದ್ದು ಬರುವುದಿಲ್ಲವಲ್ಲ! ಬೈಬಲ್ಲಿನ ಯೋಬನ ಕಥೆಯೂ ಇಂಥದ್ದೇ, ಅಲ್ಲೂ ಮೇಲೆ ಒಂದು ಪಂಥ, ಕೆಳಗೆ ಒಬ್ಬ ಒಳ್ಳೆಯ ಮನುಷ್ಯ. ಕೊನೆಗೆ ಅವನಿಗೆ ಮತ್ತೆ ಏಳು ಗಂಡು ಮೂರು ಹೆಣ್ಣು ಮಕ್ಕಳಾದರಂತೆ, ಆದರೆ ಮೊದಲು ಸತ್ತ ಹತ್ತು ಮಕ್ಕಳು ಸತ್ತೇ ಇದ್ದಾರೆ. ಅದನ್ನು ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಆದರೂ ಹರಿಶ್ಚಂದ್ರನ ಕೊನೆಗಿಂತ ಅದೇ ಹೆಚ್ಚು ನಿಜ ಅನಿಸುತ್ತದೆ ನನಗೆ.

ವ್ಯಾಸರ ಧೈರ್ಯವೇ ಬೇರೆ. ವನಪರ್ವದಲ್ಲಿ ದ್ರೌಪದಿ, ಮಗು ಗೊಂಬೆ ಆಡಿಸಿದ ಹಾಗೆ ವಿಧಾತ ನಮ್ಮನ್ನು ಆಡಿಸುತ್ತಾನೆ ಅಂತ ನೇರ ಹೇಳುತ್ತಾಳೆ. ಧರ್ಮರಾಯ ಇದು ನಾಸ್ತಿಕರ ಮಾತು ಅನ್ನುತ್ತಾನೆ. ಅವನು ಹಾಗಂದ ಅಂತ ಅವಳ ಮಾತು ಗ್ರಂಥದಿಂದ ಹೋಗಿಲ್ಲ. ಯುದ್ಧ ಮುಗಿದ ಮೇಲೆ ಸ್ತ್ರೀಪರ್ವದಲ್ಲಿ ಗಾಂಧಾರಿ ಇದ್ದಾಳೆ. ನೂರು ಮಕ್ಕಳ ಹೆಣ ಬಿದ್ದ ಬಯಲಲ್ಲಿ ನಿಂತು ಅವಳು ಕೃಷ್ಣನಿಗೆ ಹೇಳುವುದು ಇಷ್ಟೇ: ನಿನಗೆ ತಡೆಯುವ ಶಕ್ತಿ ಇತ್ತು, ನೀನು ತಡೆಯಲಿಲ್ಲ. ಮೂವತ್ತಾರನೇ ವರ್ಷಕ್ಕೆ ನಿನ್ನ ಕುಲವೂ ಹೀಗೇ ಹೊಡೆದಾಡಿ ಸಾಯಲಿ, ನೀನೂ ದಿಕ್ಕಿಲ್ಲದೆ ಸಾಯಿ. ಕೃಷ್ಣ ಶಾಪವನ್ನು ತಳ್ಳಿಹಾಕುವುದಿಲ್ಲ, ಹೀಗಾಗುತ್ತದೆ ಅಂತ ತನಗೆ ಗೊತ್ತು ಅನ್ನುತ್ತಾನೆ. ಆಮೇಲೆ ಒಂದು ಕೆಟ್ಟ ಕೆಲಸ ಮಾಡುತ್ತಾನೆ. ‘ತಪ್ಪು ನಿನ್ನದೇ, ಮಗನನ್ನು ನೀನೇ ತಲೆ ಮೇಲೆ ಕೂರಿಸಿಕೊಂಡೆ’ ಅಂತ ಆ ತಾಯಿಗೇ ಹೇಳುತ್ತಾನೆ. ನಮ್ಮ ಮನೆಗೆ ಮಾತಾಡಿಸಲು ಬಂದವರು ಹೇಳುವ ಹಾಗೇ! ಗಾಂಧಾರಿ ಸುಮ್ಮನಾಗುತ್ತಾಳೆ. ಆದರೆ ಶಾಪ ಸುಮ್ಮನಾಗುವುದಿಲ್ಲ. ಯಾದವರು ಹೊಡೆದಾಡಿ ಸಾಯುತ್ತಾರೆ, ಕೃಷ್ಣ ಕಾಡಿನಲ್ಲಿ ಒಬ್ಬ ಬೇಡನ ಬಾಣಕ್ಕೆ ಹೋಗುತ್ತಾನೆ. ದೇವರನ್ನು ಇಷ್ಟು ದೂರ ಎಳೆದುಕೊಂಡು ಹೋಗಿ ಲೆಕ್ಕ ಕೇಳಿದವರು ನಮ್ಮವರೇ.

ನಂಬಿಕೆ ಬಿಡಿ ಅಂತ ನಾನು ಯಾರಿಗೂ ಹೇಳುತ್ತಿಲ್ಲ. ನಾನೂ ಇಡಗುಂಜಿಗೆ ಹೋಗುತ್ತೇನೆ, ಗಣಪನಿಗೆ ಕಾಯಿ ಒಡೆಸುತ್ತೇನೆ. ಆದರೆ ಸೂತಕದ ಮನೆಗೆ ಹೋದಾಗ ಕರ್ಮದ ಸಿದ್ಧಾಂತ ಹೊತ್ತುಕೊಂಡು ಹೋಗಬೇಡಿ, ಅಕ್ಕಿ ಕಾಯಿ ಹೊತ್ತುಕೊಂಡು ಹೋಗಿ.

ಮತ್ತೆ ಕೂಟದ ಸಂಘಟಕರಿಗೆ ಒಂದು ಕೋರಿಕೆ. ವಾಲಿಯನ್ನೂ ಕರ್ಣನನ್ನೂ ಬೇಕಾದಷ್ಟು ಕೇಳಿದ್ದೇವೆ. ಈ ಮಳೆಗಾಲದಲ್ಲಿ ಗಾಂಧಾರಿ ಕೃಷ್ಣರ ಸಂವಾದ ಇಟ್ಟು ನೋಡಿ. ಗಾಂಧಾರಿಗೆ ಒಳ್ಳೆ ಅರ್ಥಧಾರಿಯನ್ನು ಕರೆಸಿ, ಅವರಿಗೆ ಟೈಮು ಕೊಡಿ, ಗಂಟೆ ನೋಡಿ ಚೀಟಿ ಕಳಿಸಬೇಡಿ. ಕೃಷ್ಣನಿಗೆ ಮಾತ್ರ ವಾದ ಗೆಲ್ಲಲೇಬೇಕು ಅಂತ ಬರುವ ದೊಡ್ಡ ಮಾತುಗಾರರು ಬೇಡ. ಕುಮಟಾ ಹೊನ್ನಾವರದ ಆಚೀಚೆ ಎಲ್ಲೇ ಇಟ್ಟರೂ ತಿಳಿಸಿ, ಬರುತ್ತೇನೆ.