ಹಳೇ ಸಂಬಳ ಕಟ್ಕೊಂಡು ನಿಮಗೇನಾಗಬೇಕು?

ಸಂಜೆಯಿಂದ ಸಿಟ್ಟು ಇಳಿದಿಲ್ಲ. ಅಕ್ಕನ ಮಗಳಿಗೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ ಆಗಿದೆ. ಟೆಸ್ಟ್ ಪಾಸು, ಇಂಟರ್‌ವ್ಯೂ ಎಲ್ಲ ಮುಗಿದು ಮ್ಯಾನೇಜರ್ ಬಾಯ್ತುಂಬ ಹೊಗಳಿದ್ದೂ ಆಯ್ತು. ಕೊನೆಗೆ ಎಚ್‌ಆರ್ ಫೋನು. ನಾನು ಪಕ್ಕದಲ್ಲೇ ಕೂತಿದ್ದೆ. "ಈಗ ಎಷ್ಟು ತಗೋತಿದೀರ? ಮೂರು ತಿಂಗಳ ಪೇ ಸ್ಲಿಪ್ ಕಳಿಸಿ." ದಾವಣಗೆರೆಯಲ್ಲಿ ಅವಳಿಗೆ ವರ್ಷಕ್ಕೆ 4.2 ಲಕ್ಷ. "ಹಾಗಾದ್ರೆ ಮೂವತ್ತು ಪರ್ಸೆಂಟ್ ಹೈಕ್ ಕೊಡ್ತೀವಿ, ಅದಕ್ಕಿಂತ ಜಾಸ್ತಿ ಕೊಡೋಕೆ ಪಾಲಿಸಿ ಇಲ್ಲ." ಅಲ್ಲಿಗೆ 5.46 ಲಕ್ಷ. ಅದೇ ಟೀಮಿನಲ್ಲಿ ಅದೇ ಕೆಲಸಕ್ಕೆ, ಅಷ್ಟೇ ಅನುಭವ ಇರೋ ಅವಳ ಕ್ಲಾಸ್‌ಮೇಟ್ 9 ಲಕ್ಷ ತಗೋತಿದ್ದಾನೆ.

ದಾವಣಗೆರೆಯಲ್ಲಿ ಎಷ್ಟು ಬಾಡಿಗೆ ಕಟ್ತಿದ್ರಿ ಅಂತ ಕೇಳಿ, ಅದರ ಮೇಲೆ ಮೂವತ್ತು ಪರ್ಸೆಂಟ್ ಹಾಕಿ ಮನೆ ಕೊಡೋ ಓನರ್ ಬೆಂಗಳೂರಿನಲ್ಲಿ ಒಬ್ಬರಾದ್ರೂ ಇದ್ದಾರಾ? ಮನೆಗೆ ಅದರ ಬಾಡಿಗೆ. ಕೆಲಸಕ್ಕೆ ಮಾತ್ರ ಮಾಡುವವರ ಹಳೇ ಚೀಟಿ ನೋಡಿ ಬೆಲೆ ಕಟ್ಟೋದು ಯಾವ ನ್ಯಾಯ?

ನಾನು ಪೇರೋಲ್‌ನಲ್ಲೇ ಕೂದಲು ಹಣ್ಣಾದವಳು, ನಿಮಗೆಲ್ಲ ಗೊತ್ತು. ಆ 5.46 ಲಕ್ಷ ಸಿಟಿಸಿ, ಅಂದ್ರೆ ಕಂಪನಿ ಅವಳ ಮೇಲೆ ವರ್ಷಕ್ಕೆ ಮಾಡೋ ಒಟ್ಟು ಖರ್ಚು. ಅದನ್ನ ಬಿಡಿಸಿ ತೋರಿಸ್ತೀನಿ. ಹತ್ತು ಪರ್ಸೆಂಟ್ ವೇರಿಯಬಲ್, ಅಂದ್ರೆ 54,600. ಬರಬಹುದು, ಬಾರದೇ ಇರಬಹುದು. ಬೇಸಿಕ್, ಅಂದ್ರೆ ಮೂಲ ವೇತನ, ಸಿಟಿಸಿಯ ಅರ್ಧ. ಅದರ ಶೇ. 12ರಷ್ಟು ಕಂಪನಿ ಪಾಲಿನ ಪಿಎಫ್, ಶೇ. 4.81ರಷ್ಟು ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡೋ ಹಣ), ಎರಡೂ ಅದೇ ಸಿಟಿಸಿ ಒಳಗೆ. ಆಮೇಲೆ ಅವಳ ಪಾಲಿನ ಪಿಎಫ್, 200 ರೂಪಾಯಿ ವೃತ್ತಿ ತೆರಿಗೆ. ತಿಂಗಳಿಗೆ ಕೈಗೆ ಬರೋದು ಸುಮಾರು 34,000. ಹುಡುಗಿ 5.46 ಲಕ್ಷವನ್ನ ಹನ್ನೆರಡರಿಂದ ಭಾಗಿಸಿ 45,500 ಅಂದುಕೊಂಡಿದ್ದಳು! ಪಿಜಿ, ಓಡಾಟ, ಊರಿಗೆ ಕಳಿಸೋ ದುಡ್ಡು, ಎಲ್ಲ ಆ ಲೆಕ್ಕದಲ್ಲೇ ಹಾಕಿದ್ದಳು. ಅದಕ್ಕೇ ಹೇಳೋದು, ಮಾತಾಡುವಾಗ ಸಿಟಿಸಿ ಬಿಡಿ, ಫಿಕ್ಸೆಡ್ ಎಷ್ಟು ಅಂತ ಕೇಳಿ, ಯಾವುದಕ್ಕೆ ಎಷ್ಟು ಅನ್ನೋ ಬ್ರೇಕಪ್ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಜಾಯ್ನಿಂಗ್ ಬೋನಸ್ ಆಸೆ ತೋರಿಸಿದ್ರೆ, ವರ್ಷದೊಳಗೆ ಬಿಟ್ರೆ ವಾಪಸ್ ಕಟ್ಟಬೇಕಾ ಅಂತ ಮೊದಲು ನೋಡಿ.

"ಕ್ಯಾಂಡಿಡೇಟ್‌ಗಳು ಬಾಯಿಗೆ ಬಂದಷ್ಟು ಕೇಳ್ತಾರೆ, ನಮಗೂ ಬಜೆಟ್ ಇರುತ್ತೆ" ಅಂತೀರಿ ಎಚ್‌ಆರ್‌ನವರು. ಇರುತ್ತೆ, ಸರಿ. ಆದರೆ ಆ ಬಜೆಟ್ ಹುದ್ದೆಗೆ ಅಪ್ರೂವಲ್ ಸಿಕ್ಕ ದಿನವೇ ನಿಗದಿಯಾಗಿರುತ್ತೆ. ಇಷ್ಟರಿಂದ ಇಷ್ಟರವರೆಗೆ ಅಂತ ನಿಮ್ಮ ಶೀಟಿನಲ್ಲಿದೆ. ಅದನ್ನ ಮೊದಲ ಫೋನಲ್ಲೇ ಹೇಳಿಬಿಟ್ರೆ ಯಾರು ಬಾಯಿಗೆ ಬಂದಷ್ಟು ಕೇಳ್ತಾರೆ? ನಿಮ್ಮ ಅಂಕಿ ಮುಚ್ಚಿಟ್ಟು ಅವರ ಅಂಕಿ ಬಿಚ್ಚಿಸೋದಕ್ಕೆ ಮಾತುಕತೆ ಅಂತ ಹೆಸರು ಬೇರೆ.

ಕ್ಯಾಲಿಫೋರ್ನಿಯಾದಲ್ಲಿ ಹಳೇ ಸಂಬಳ ಕೇಳೋದೇ 2018ರಿಂದ ಕಾನೂನುಬಾಹಿರ. ಕೊಲೊರಾಡೊದಲ್ಲಿ 2021ರಿಂದ ಕೆಲಸದ ಜಾಹೀರಾತಿನಲ್ಲೇ ಸಂಬಳ ಎಷ್ಟರಿಂದ ಎಷ್ಟು ಅಂತ ಹಾಕಬೇಕು. ಯುರೋಪಿಯನ್ ಒಕ್ಕೂಟ 2023ರಲ್ಲಿ ತಂದ ನಿರ್ದೇಶನದಲ್ಲೂ ಹಳೇ ಸಂಬಳ ಕೇಳಬಾರದು, ಸಂಬಳ ಎಷ್ಟರಿಂದ ಎಷ್ಟು ಅಂತ ಮೊದಲೇ ತಿಳಿಸಬೇಕು ಅಂತಿದೆ. ಅಲ್ಲಿ ಇದನ್ನೆಲ್ಲ ಪಾಲಿಸೋ ಕಂಪನಿಗಳೇ ಇಲ್ಲಿ ಬಂದು ಪೇ ಸ್ಲಿಪ್ ಕೇಳೋದು ಕಂಡ್ರೆ ಮೈ ಉರಿಯುತ್ತೆ.

ಇದರ ಪೆಟ್ಟು ಯಾರಿಗೆ ಬೀಳುತ್ತೆ ಹೇಳಿ. ಸಣ್ಣ ಊರಲ್ಲಿ ಕೆಲಸ ಶುರು ಮಾಡಿದವರಿಗೆ, ಹೆರಿಗೆ ಅಂತ ಎರಡು ವರ್ಷ ಬಿಟ್ಟು ಕಡಿಮೆ ಸಂಬಳಕ್ಕೆ ವಾಪಸ್ ಸೇರಿದ ಹೆಣ್ಣುಮಕ್ಕಳಿಗೆ. ಕಂಪನಿ ಬದಲಾದರೂ ಆ ಮೊದಲ ಅಂಕಿ ಬೆನ್ನು ಬಿಡಲ್ಲ. ಹುಬ್ಬಳ್ಳಿಯ ಒಂದು ಸಣ್ಣ ಆಫೀಸಲ್ಲಿ ಸೇರಿದ ನನ್ನ ಬೆನ್ನಿಗೂ ಅದು ವರ್ಷಗಟ್ಟಲೆ ಅಂಟಿಕೊಂಡಿತ್ತು. ಈ ಮಾತನ್ನ ಮನೆಯಲ್ಲೂ ಯಾವತ್ತೂ ಹೇಳಿರಲಿಲ್ಲ.

"ಚಿಕ್ಕಮ್ಮ, ಜಾಸ್ತಿ ಕೇಳಿದ್ರೆ ಆಫರ್ ವಾಪಸ್ ತಗೊಂಡ್ಬಿಟ್ರೆ?" ಅಂದಳು. ಮರ್ಯಾದೆಯಿಂದ ಕೇಳಿದ ಒಂದು ಪ್ರಶ್ನೆಗೆ ಆಫರ್ ಕಿತ್ತುಕೊಳ್ಳೋ ಕಡೆ ಸೇರಿ ಆಮೇಲೆ ಇಂಕ್ರಿಮೆಂಟ್ ಹೇಗೆ ಕೇಳ್ತೀಯಾ ಅಂದೆ. ಕೂತು ಮೇಲ್ ಬರೆದಿದ್ದೀವಿ: ಈ ಹುದ್ದೆಗೆ ನೀವು ಇಟ್ಟಿರೋ ಸಂಬಳ ಎಷ್ಟರಿಂದ ಎಷ್ಟು, ನನ್ನನ್ನ ಅದರಲ್ಲಿ ಎಲ್ಲಿ ಇಟ್ಟಿದ್ದೀರಿ, ಯಾಕೆ? ನನ್ನ ನಿರೀಕ್ಷೆ ಫಿಕ್ಸೆಡ್ 8.5 ಲಕ್ಷ.

ಈ ಲಿಸ್ಟಿನಲ್ಲಿ ಎಚ್‌ಆರ್‌ನಲ್ಲಿರೋ ಸ್ನೇಹಿತರು ಸಾಕಷ್ಟು ಜನ ಇದ್ದೀರಿ. ಪಾಲಿಸಿ ಮೇಲಿನವರದ್ದು ಅನ್ನೋದು ಗೊತ್ತು. ಆದರೆ ಅರ್ಜಿ ಫಾರ್ಮಿನಲ್ಲಿರೋ "ಈಗಿನ ಸಂಬಳ" ಅನ್ನೋ ಕಾಲಂ ತೆಗೆಸೋದು ನಿಮ್ಮ ಕೈಯಲ್ಲೇ ಇದೆ. ತೆಗೆಸಿ.